ರಟ್ಟಿನ ಮೇಲೆದ್ದ ಅಣಬೆ

ಕುಂದಾಪುರದ ಕಡೆಗೆ ಬಂದ ಮೊದಲ ಮಳೆಗಾಲದಲ್ಲಿ, ನಾನು ಅಚ್ಚುಕಟ್ಟಾಗಿ ಮಡಚಿ ಕಟ್ಟಿಟ್ಟ ರಟ್ಟಿನ ಡಬ್ಬಿಗಳ ಮೇಲೆ ಅಣಬೆ ಎದ್ದಿತ್ತು. ಸುಳ್ಳಲ್ಲ, ಕೊಡೆ ಬಿಚ್ಚಿದ ನಿಜವಾದ ಅಣಬೆ. ನಮ್ಮ ಬಾಗಲಕೋಟೆಯಲ್ಲಿ ನೀರು ಹೊತ್ತು ಹಾಕಿದರೂ ಮೆಂತ್ಯ ಸೊಪ್ಪು ಮೇಲೇಳಲು ಮೀನಮೇಷ ಎಣಿಸುತ್ತದೆ. ಇಲ್ಲಿ ಪಾರ್ಸೆಲ್ಲಿನ ಖಾಲಿ ಡಬ್ಬಿಯೂ ಬೆಳೆ ಕೊಡುತ್ತದೆ! ಆಗ ನನಗೆ ನಗು ಬರಲಿಲ್ಲ. ಆ ಲೋಡು ಪೂರಾ ತೇವವೆಂದು ಕುಂದಾಪುರದ ದೊಡ್ಡ ಗುಜರಿಯವರು ವಾಪಸು ಕಳಿಸಿದ್ದರು. ನಾವು ಮೋಡ್ಕಾ ಅನ್ನುವುದನ್ನು ಇಲ್ಲಿ ಗುಜರಿ ಅನ್ನುತ್ತಾರೆ.

ನಾನೂ ನನ್ನ ಗಂಡ ಬಸವರಾಜನೂ ಮನೆಮನೆಯಿಂದ ಹಳೆ ಕಾಗದ, ರಟ್ಟು ಕೊಂಡು, ವಿಂಗಡಿಸಿ, ಮರುಬಳಕೆಗೆ ಕಳಿಸುವವರು. ಹಂಗಾರಕಟ್ಟೆಯಲ್ಲಿ ಮೀನು ವ್ಯಾಪಾರದ ಗಿರಿಜಕ್ಕ ತಮ್ಮ ಬಲೆ ಇಡುವ ಶೆಡ್ಡಿನಲ್ಲಿ ಅರ್ಧ ಜಾಗ ನಮಗೆ ಬಾಡಿಗೆಗೆ ಕೊಟ್ಟಿದ್ದಾರೆ. ಅದರ ಹಿಂದಿನ ಕೋಣೆಯಲ್ಲೇ ನಮ್ಮ ಸಂಸಾರ. ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ ಆ ಕೋಣೆಯಲ್ಲಿ ನೋಡನೋಡುತ್ತ ಮೆತ್ತಗಾಗಿ, ಕರವಸ್ತ್ರದಂತೆ ಮಡಚತೊಡಗಿತು.

"ಇನ್ನೊಮ್ಮೆ ಲೋಡು ಹೊಳ್ಳಿ ಬಂತಂದ್ರ ಊರಿಗಿ ನಡಿ. ಅಲ್ಲಿ ರಟ್ಟು ವರ್ಷಾನಗಟ್ಲೆ ಇಟ್ರೂ ಏನೂ ಆಗಂಗಿಲ್ಲ" ಎಂದ ಬಸವರಾಜ. ದಿನಾ ಅದೇ ರಾಗ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರಿನಲ್ಲಿ ಭಾವನ ಮೋಡ್ಕಾ ಅಂಗಡಿಯಲ್ಲಿ ಅವರ ಕೈಕೆಳಗೆ ದುಡಿಯಲಾರೆ ಎಂದು ಹಟ ಮಾಡಿ ಅವನನ್ನು ಇಲ್ಲಿಗೆ ಎಳೆದು ತಂದವಳು ನಾನು. ಯಾವ ಮುಖ ಹೊತ್ತು ವಾಪಸು ಹೋಗಲಿ?

"ಹಾಳಿ ನೆನೀದಂಗ ಇಡ್ರಿ" ಎಂದು ಮನೆಮನೆಗೂ ಹೇಳಿ ಬಂದೆ. ನಮ್ಮಲ್ಲಿ ಹಾಳಿ ಎಂದರೆ ಕಾಗದ ತಾನೆ? ಮುಂದಿನ ಸಲ ಹೋದಾಗ ಅಜ್ಜಿಯೊಬ್ಬರು, "ಹ್ವಾಯ್, ಹಾಳಿ ಕೇಂಡದ್ದ್ ನೀವೇ ಅಲ್ದಾ? ತಕಣಿ" ಎಂದು ಒಣಗಿದ ಅಡಿಕೆ ಹಾಳೆಯ ದೊಡ್ಡ ಹೊರೆ ತಂದು ನನ್ನ ಮುಂದಿಟ್ಟರು. ಒಂದು ಹನಿ ನೀರು ತಾಗಿರಲಿಲ್ಲ ಅದಕ್ಕೆ! ಗಿರಿಜಕ್ಕ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಶೆಡ್ಡಿಗೆ ಬಂದು, "ನೆಲಕ್ಕೆ ತಾಗುಕಾಗ ಮಾರಾಯ್ತಿ. ಹಲಗಿ ಹಾಕಿ ಮೇಲ್ ಇಡ್. ಬಲಿನೂ ನಾವ್ ಹಂಗೇ ಇಡುದ್" ಎಂದು ತಾವೇ ಹಲಗೆ ಎಳೆದು ತಂದರು.

ಮತ್ತೆ ಲೋಡು ತುಂಬುವವರೆಗೆ ನಾನು ಕುಳಿತಲ್ಲಿ ಕುಳಿತಿರಲಿಲ್ಲ. ಅನ್ನಕ್ಕಿಟ್ಟು ಬಂದು ತೇವವಿದೆಯೇ ಎಂದು ಕಟ್ಟು ಮುಟ್ಟುವುದು, ಬಟ್ಟೆ ಒಗೆಯುತ್ತ ಎದ್ದು ಬಂದು ಮುಟ್ಟುವುದು. ಕುಚ್ಚಲಕ್ಕಿ ಬೇಯಲು ಹಿಡಿಯುವ ಹೊತ್ತು ನನ್ನ ತಾಳ್ಮೆಗೆ ಮೀರಿದ್ದು.

ಕುಂದಾಪುರದಲ್ಲಿ ಟೆಂಪೊ ನಿಂತಿತು. ಗುಜರಿಯ ಶೀನಣ್ಣ ಕಟ್ಟಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ತೆಗೆದು, "ಒಣಗಿತ್ತ್" ಎಂದರು.

"ಒಣಗಿತ್ತು ಅಂದ್ರ? ಈಗೇನಾಗೇತ್ರಿ ಅದಕ್ಕ?" ಎಂದು ಕಿರುಚಿಬಿಟ್ಟೆ.

"ಎಂತದಮ್ಮ ನಿಮ್ದ್? ಲಾಯ್ಕ್ ಒಣಗಿತ್ತ್ ಅಂದೆ. ಇಳ್ಸಿ."

ಇಲ್ಲಿಯ 'ಇತ್ತ್' ಎಂದರೆ 'ಇದೆ' ಎಂದರ್ಥ. ಗಿರಿಜಕ್ಕನ ಬಾಯಲ್ಲಿ ದಿನವಿಡೀ ಕೇಳಿದ ಮಾತೇ. ಆದರೂ ಆ ಗಳಿಗೆಯಲ್ಲಿ ನನ್ನ ಕಿವಿ ಬಾಗಲಕೋಟೆಯದಾಗಿತ್ತು. ಬಸವರಾಜನಿಗೆ ಮಾತ್ರ ಥಟ್ಟನೆ ಅರ್ಥವಾಗಿ, ಆಗಲೇ ಮೊದಲ ಕಟ್ಟನ್ನು ಹೆಗಲಿಗೇರಿಸಿದ್ದ.

ಟೆಂಪೊ ಖಾಲಿಯಾದ ಮೇಲೆ ಅವನು ಬೆವರು ಒರೆಸಿಕೊಳ್ಳುತ್ತ, "ಆತು ಬಿಡು. ಇನ್ನ ಮ್ಯಾಲೆ ಊರಿಗಿ ಹೋಗೂ ಮಾತು ನಾ ತಗಿಯಂಗಿಲ್ಲ" ಎಂದ. ಮಳೆಗಾಲವಿಡೀ ಈ ಒಂದು ಮಾತಿಗಾಗಿ ಕಾದಿದ್ದೆ. ಗೆದ್ದೆ ಎಂದು ಖುಷಿಯೂ ಆಯಿತು. ಅದರ ಬೆನ್ನಿಗೇ ಏನೋ ಕಳೆದುಕೊಂಡಂತೆಯೂ ಅನಿಸಿತು. ಅವನು ದಿನಾ ಊರು ಊರು ಎನ್ನುತ್ತಿದ್ದ, ನಾನು ದಿನಾ ಬೈಯುತ್ತಿದ್ದೆ. ಹಾಗಾದರೂ ನಮ್ಮ ಆ ಕೋಣೆಯೊಳಗೆ ಊರಿನ ಹೆಸರು ಬರುತ್ತಿತ್ತು. ಇನ್ನು ಮೇಲೆ ಊರಿನ ಮಾತನ್ನು ನಾನೇ ತೆಗೆಯಬೇಕು. ತೆಗೆದರೆ, ಬೈಯುವವರು ಯಾರೂ ಇಲ್ಲ.