ಮೇಡಂ ಕಲಿಸಿದ ನಡಿಗೆ

ನಮ್ಮ ಡೈರೆಕ್ಟರ್ ಮೇಡಂ ಕೊಪ್ಪದ ಪೇಟೆಯಲ್ಲಿ ನಡೆದು ಬಂದರೆ ಅವರ ಎಡಗೈ ಎಷ್ಟು ಅಗಲಕ್ಕೆ ಬೀಸುತ್ತಿತ್ತೆಂದರೆ, ಎದುರಿನವರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತಿದ್ದರು. ಬಲಗೈಯಲ್ಲಿ ಚೀಲ, ಮುಖದಲ್ಲಿ ಸಿಡುಕು. ಮುಂಬೈಯಲ್ಲಿ ಅರ್ಧ ಆಯಸ್ಸು ಬೇರೆಯವರ ಕಾರ್ಟೂನುಗಳಿಗೆ ದುಡಿದು, ಸ್ವಂತದ್ದೊಂದು ಅನಿಮೇಷನ್ ಸಿನಿಮಾ ಮಾಡಿಯೇ ತೀರುತ್ತೇನೆಂದು ಊರಿಗೆ ಬಂದವರು. ಟೈರ್ ಅಂಗಡಿಯ ಮಹಡಿಯಲ್ಲಿ ಸ್ಟುಡಿಯೋ. ನರಸಿಂಹರಾಜಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನನಗೆ ಕಂಪ್ಯೂಟರ್ ಗೊತ್ತಿತ್ತು. ಮನುಷ್ಯರು ಹೇಗೆ ನಡೆಯುತ್ತಾರೆಂದು ಗೊತ್ತಿರಲಿಲ್ಲ. ಅದನ್ನು ಕಲಿಸಿದವರು ಅವರು, ಬೈದು ಬೈದು.

ಪಾತ್ರ ಏನು ಮಾಡಬೇಕೋ ಅದನ್ನು ಮೊದಲು ತಾವೇ ಮಾಡಿ ತೋರಿಸುವುದು ಅವರ ಕ್ರಮ. ಸಿನಿಮಾದ ನಾಯಕಿ ಕೆರೆಕಟ್ಟೆ ಊರಿನ ಕಡೆಯ ಹೆಂಗಸು. ಸೊಪ್ಪಿನ ಹೊರೆ ಹೊತ್ತು ಹಳ್ಳದ ಸಂಕ, ಅಂದರೆ ಮರದ ಕಾಲುಸೇತುವೆ, ದಾಟುತ್ತಾಳೆ. ಮೇಡಂ ನೆಲದ ಮೇಲೆ ಉದ್ದಕ್ಕೆ ಹಲಗೆ ಹಾಕಿ, ತಲೆಯ ಮೇಲೆ ದಿಂಬು ಇಟ್ಟುಕೊಂಡು ನಡೆಯುವರು. ನಾನು ಅದನ್ನು ಮೊಬೈಲಿನಲ್ಲಿ ಹಿಡಿದು, ಇಂಚಿಂಚೂ ನೋಡಿ, ಕಂಪ್ಯೂಟರಿನ ಗೊಂಬೆಗೆ ಕೂರಿಸಬೇಕು. ಕೆಳಗಿನ ಅಂಗಡಿಯವರು ಮೇಲೆ ಡಾನ್ಸ್ ಕ್ಲಾಸ್ ನಡೆಯುತ್ತದೆಂದೇ ತಿಳಿದಿದ್ದರು.

ಸಂಕದ ದೃಶ್ಯ ಮುಗಿಸಿ ತೋರಿಸಿದ ದಿನ ಅವರಿಗೆ ವಿಪರೀತ ಸಿಟ್ಟು ಬಂತು.

"ಎಂತ ಮಾರಾಯ ಇದು? ಬಲಗೈಲಿ ಹೊರೆ ಹಿಡಿದಿದಾಳೆ, ಸರಿ. ಎಡಗೈ ಕಟ್ಟಿ ಹಾಕಿದಂಗೆ ಇದ್ಯಲ್ಲ. ಮೈಗಳ್ಳತನ ಮಾಡಿದೀಯ."

ವಿಡಿಯೋದಲ್ಲಿ ಇದ್ದದ್ದನ್ನೇ ಮಾಡಿದ್ದೇನೆಂದೆ. ನನಗೂ ರೇಗಿತ್ತು. ವಿಡಿಯೋ ಹಾಕಿದೆ. ಹಲಗೆಯ ಮೇಲೆ ಮೇಡಂ ನಡೆಯುತ್ತಿದ್ದರು. ಎಡಗೈ ಮೈಗೆ ಅಂಟಿಕೊಂಡೇ ಇತ್ತು. ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಆಮೇಲೆ ಚೀಲ ತೆಗೆದುಕೊಂಡು ಮನೆಗೆ ಹೋದರು.

ಶಿವಮೊಗ್ಗದ ಡಾಕ್ಟರು ಪಾರ್ಕಿನ್ಸನ್ ಕಾಯಿಲೆ ಎಂದರಂತೆ. ಕೆಲವರಿಗೆ ಕೈ ನಡುಗುವ ಮೊದಲೇ ಬೀಸುವುದು ನಿಂತುಹೋಗುತ್ತದಂತೆ. ದೃಶ್ಯವನ್ನು ಹಾಗೇ ಬಿಡೋಣ ಎಂದೆ. ಕಂಡದ್ದನ್ನೇ ಮಾಡಬೇಕೆಂಬುದು ಅವರದೇ ಕಟ್ಟಪ್ಪಣೆಯಾಗಿತ್ತಲ್ಲ.

"ಕಾಯಿಲೆ ನಂದು. ಆ ಹೆಂಗಸಿಗೆ ಯಾಕೆ?" ಎಂದರು. "ಇನ್ಮೇಲೆ ನೀನು ನಡಿ. ನಾನು ಹೇಳಿಕೊಡ್ತೀನಿ."

ಅವರು ಕುರ್ಚಿಯಲ್ಲಿ, ನಾನು ಹಲಗೆಯ ಮೇಲೆ, ತಲೆಯ ಮೇಲೆ ಅದೇ ದಿಂಬು. ಭುಜ ಸಡಿಲ ಬಿಡು, ಕೈ ತಾನಾಗಿ ಬರಲಿ ಎಂದು ಆ ಮಳೆಗಾಲವಿಡೀ ಬೈದರು. ಸಿನಿಮಾ ಮುಗಿಯಲು ವರ್ಷಗಳೇ ಹಿಡಿದವು. ಬರಬರುತ್ತಾ ಅವರ ದನಿ ಸಣ್ಣದಾಯಿತು, ಬೈದದ್ದೂ ಕೇಳಿಸದಂತಾಯಿತು. ನನಗೆ ಹೆದರಿಕೆಯಾಗಿದ್ದು ಆಗಲೇ. ಕೊನೆಗೊಮ್ಮೆ ಪರದೆಯ ಮೇಲೆ ಆ ಹೆಂಗಸು ಎಡಗೈ ಬೀಸಿಕೊಂಡು ಸಂಕ ದಾಟಿದಾಗ ಮೇಡಂ ಎದ್ದು ನಿಲ್ಲಲಾರದೆ ಕೂತೇ ನೋಡಿದರು. ಒಂದೂ ತಪ್ಪು ಹೇಳಲಿಲ್ಲ.

ಹೋದ ವರ್ಷ ಹರಿಹರಪುರದಲ್ಲಿ, ತಮ್ಮ ಅಣ್ಣನ ಮನೆಯಲ್ಲಿ ಮೇಡಂ ತೀರಿಕೊಂಡರು. ಚಟ್ಟದ ಹಿಂದೆ ತಲೆ ತಗ್ಗಿಸಿ ನಡೆಯುತ್ತಿದ್ದೆ. ಪಕ್ಕದಲ್ಲಿದ್ದವರೊಬ್ಬರು ನನ್ನಿಂದ ದೂರ ಸರಿದರು. ಆಗ ನೋಡಿಕೊಂಡೆ: ನನ್ನ ಎಡಗೈ ಹಿಂದೆ ಮೇಡಂ ಬೀಸುತ್ತಿದ್ದಷ್ಟೇ ಅಗಲಕ್ಕೆ ಬೀಸುತ್ತಿತ್ತು. ಅದನ್ನು ಬಲಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ.