ಕಾಫಿಪುಡಿಯ ಕೆಳಗಿನ ಗುಲಾಬಿ ಗೆರೆ

ನೆಲ್ಯಹುದಿಕೇರಿಯ ಕಾಫಿತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ಇನ್ನೂ ಒಲೆ ಹೊತ್ತಿಲ್ಲ. ನರ್ಸ್ ಯಮುನಾ ಆಗಲೇ ಜವರ ಅವರ ಜಗಲಿಯಲ್ಲಿ ಕೂತು, ಅವರ ಬಲಗಾಲಿನ ಹೆಬ್ಬೆರಳಿನ ಕಟ್ಟು ಬಿಚ್ಚುತ್ತಿದ್ದಾರೆ. ಒಳಪದರ ಕಾಣುತ್ತಲೇ ಯಮುನಾ ಅವರ ಮುಖ ಬಿಗಿಯುತ್ತದೆ. ಗಾಯದ ತುಂಬ ಕಾಫಿಪುಡಿ.

"ಯಾರು ಹಾಕಿದ್ದು ಜವರಣ್ಣ?"

"ನೀರು ಒಸರ್ತಿತ್ತು ಸಿಸ್ಟರೇ. ಒಣಗ್ಲಿ ಅಂತ ನಾನೇ ಹಾಕ್ದೆ."

ನಮ್ಮ ಕಡೆ ಕತ್ತಿ ತಾಗಿದರೂ ಜಿಗಣೆ ಕಚ್ಚಿದರೂ ಕೈ ಮೊದಲು ಹೋಗುವುದು ಕಾಫಿಪುಡಿಯ ಡಬ್ಬಿಗೆ. ರಕ್ತ ನಿಂತರೆ ಗಾಯ ವಾಸಿಯಾದಂತೆಯೇ ಎಂಬ ಧೈರ್ಯ ನಮ್ಮದು. ಆದರೆ ಜವರ ಅವರಿಗೆ ಸಕ್ಕರೆ ಕಾಯಿಲೆ. ಮುಂದಿನ ಸಲ ಬರುವಷ್ಟರಲ್ಲಿ ಗಾಯ ಕೂಡುವ ಲಕ್ಷಣ ಕಾಣದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಮಡಿಕೇರಿಯ ಡಾಕ್ಟರು ಹೇಳಿ ಕಳಿಸಿದ್ದಾರೆ. ಏಣಿಯ ಮೇಲೆ ನಿಂತು ಕರಿಮೆಣಸು ಕೊಯ್ಯುವಾಗ ಮೈಯ ಭಾರವೆಲ್ಲ ಬೀಳುವುದು ಅದೇ ಬೆರಳಿನ ಮೇಲೆ.

ಯಮುನಾ ಶ್ರೀಮಂಗಲದವರು, ಈ ತೋಟದ ದವಾಖಾನೆಗೆ ಇರುವವರು ಅವರೊಬ್ಬರೇ. ಅವರ ತಂದೆಗೂ ಇಂಥದೇ ಗಾಯವಾಗಿ ಕಾಲು ಹೋಯಿತು. "ಮನೇಲಿ ಎಲ್ರೂ ಸೇರಿ ಒಣಗಿಸ್ತಿದ್ವಿ. ಪ್ರೀತಿಯಿಂದಾನೇ" ಎನ್ನುತ್ತಾರೆ.

ತರಬೇತಿಯಲ್ಲಿ ಕಲಿತ ಒಂದು ಪಾಠವನ್ನು ಅವರು ಬಿಡದೆ ಹಿಡಿದಿದ್ದಾರೆ. ಗಾಯದ ಅಂಚಿನ ಜೀವಕೋಶಗಳು ಮೆಲ್ಲಗೆ ತೆವಳಿಕೊಂಡು ನಡುವಿಗೆ ಬಂದು ಗಾಯವನ್ನು ಮುಚ್ಚುತ್ತವೆ. ಹೊರಡಿ ಎಂದು ಅವನ್ನು ಎಬ್ಬಿಸುವುದು ಗಾಯದಲ್ಲೇ ಹುಟ್ಟುವ ಕೆಲವು ಪ್ರೋಟೀನುಗಳು. ಸಕ್ಕರೆ ಏರಿದರೆ ಆ ಕರೆ ಕುಂದುತ್ತದೆ, ಕೋಶಗಳು ಅಂಚಿನಲ್ಲೇ ನಿಂತುಬಿಡುತ್ತವೆ.

"ಹಸಿ ಇರ್ಬೇಕು ಜವರಣ್ಣ. ಒಣಗಿದ ಜಾಗದಲ್ಲಿ ಅವು ಹೆಂಗೆ ತೆವಳ್ತವೆ?" ಎನ್ನುತ್ತ ಯಮುನಾ ಸಲೈನ್ ಉಪ್ಪುನೀರು ಸುರಿದು ಪುಡಿ ತೊಳೆಯುತ್ತಾರೆ. ಉಜ್ಜುವುದಿಲ್ಲ, ಉಜ್ಜಿದರೆ ಹೊಸದಾಗಿ ಬಂದ ಕೋಶಗಳೂ ಕಿತ್ತುಹೋಗುತ್ತವೆ. ಕಾಫಿ ಪಿಕಿಂಗ್‌ಗೆ ಹೊರಟವರು ಜಗಲಿ ದಾಟಿ ಹೋಗುತ್ತಾರೆ, ಯಮುನಾ ಅವರ ಕೈ ಇನ್ನೂ ಆ ಗಾಯದ ಮೇಲೇ ಇದೆ. ಅವರ ಕೆಲಸ ನೋಡಲೆಂದು ಜೊತೆಗೆ ಬಂದು ಕೂತ ನನಗೇ ಸಿಟ್ಟು ಬರುತ್ತದೆ, ಅವರು ಮಾತ್ರ ಬೈಯುವುದಿಲ್ಲ.

ಪುಡಿಯೆಲ್ಲ ಹೋದ ಮೇಲೆ ಅಂಚಿನಲ್ಲಿ ತೆಳ್ಳಗೆ ಗುಲಾಬಿ ಗೆರೆಯೊಂದು ಕಾಣುತ್ತದೆ. "ಇಲ್ಲಿ ನೋಡಿ, ಹೋದ ವಾರ ಇದು ಇರ್ಲಿಲ್ಲ. ಹೊರಟಿದಾವೆ!" ಯಮುನಾ ಅವರ ದನಿ ಮೊದಲ ಸಲ ಏರುತ್ತದೆ.

ಜವರ ಅವರ ಹೆಂಡತಿ ದೊಡ್ಡಿ ಅವರು ಮನೆಯೊಳಗಿಂದ ಕಾಫಿಪುಡಿಯ ಡಬ್ಬಿ ತಂದು ಮುಂದಿಡುತ್ತಾರೆ. "ಇದ್ನ ನೀವೇ ಇಟ್ಕಳಿ ಸಿಸ್ಟರೇ."

"ಬೇಡಕ್ಕ. ಎಲ್ರಿಗೂ ಕಾಫಿ ಕಾಯ್ಸಿ. ಅಣ್ಣಂಗೆ ಮಾತ್ರ ಸಕ್ಕರೆ ಹಾಕ್ಬೇಡಿ."

ನಿಮಗೇನು ಆಸೆ ಎಂದು ಯಮುನಾ ಅವರನ್ನು ಕೇಳುತ್ತೇನೆ. ಹೊಸ ಕಟ್ಟಿನ ತುದಿಯನ್ನು ಅಂಟಿಸಿ, ಅದರ ಮೇಲೆ ಒಂದು ಗಳಿಗೆ ಅಂಗೈ ಇಡುತ್ತಾರೆ.

"ಈ ಸಲದ ಮೆಣಸಿಗೆ ಜವರಣ್ಣ ಏಣಿ ಏರ್ಬೇಕು. ಎಲ್ಲ ಬೆರಳೂ ಊರಿ."