ಹೊಗೆ ಬೇಡವೆಂದ ಅಮ್ಮನಿಗೆ ಹೋಮ

ಕಳೆದ ವರ್ಷ ಶಿವರಾತ್ರಿಗೆ ಮೊದಲಿನ ವಾರ. ನನ್ನ ಅತ್ತಿಗೆಯ ತವರೂರಿನ ದೇವಸ್ಥಾನಕ್ಕೆ ಹೊಸ ಗರ್ಭಗುಡಿ ಕಟ್ಟಿ ವರ್ಷವಾಗಿತ್ತು. ಅದರ ನೆನಪಿಗೆ ದೊಡ್ಡ ಹೋಮ ಇಟ್ಟುಕೊಂಡಿದ್ದರು. ಊರು ಯಲ್ಲಾಪುರ ತಾಲೂಕಿನದು. ಹೆಸರು ಬರೆಯುವುದಿಲ್ಲ. ಅಲ್ಲಿಯ ದೇವಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಅಣ್ಣನಿಗೆ ಬರಲು ಆಗಲಿಲ್ಲವೆಂದು ಅತ್ತಿಗೆಯ ಜೊತೆಗೆ ನಾನು ಶಿರಸಿಯಿಂದ ಬೆಳಗಿನ ಬಸ್ಸಿಗೆ ಹೊರಟೆ.

ದೇವಸ್ಥಾನದ ಹಿಂದೆ ಒಂದು ಬೂರುಗದ ಮರವಿದೆ. ನಾಲ್ಕು ಜನ ಕೈ ಹಿಡಿದು ನಿಂತರೂ ತಬ್ಬಲಾಗದ ಮರ. ಅದರ ಕೊಂಬೆಗಳ ಅಡಿಯಲ್ಲಿ ಪ್ರತಿ ವರ್ಷ ಹೆಜ್ಜೇನು ಬಂದು ಗೂಡು ಕಟ್ಟುತ್ತದೆ. ಆ ದಿನವೂ ಮೊರದಷ್ಟು ಅಗಲದ ಕಪ್ಪು ಗೂಡುಗಳು ಸಾಲಾಗಿ ತೂಗುತ್ತಿದ್ದವು. ಅವಕ್ಕೂ ಆ ದೇವಿಗೂ ಇರುವ ಕಥೆಯನ್ನು ಅತ್ತಿಗೆ ನನಗೆ ಬಸ್ಸಿನಲ್ಲೇ ಹೇಳಿದ್ದಳು. ಹಿಂದೆ ಯಾವುದೋ ಕಾಲದಲ್ಲಿ ಊರು ದೋಚಲು ಸೈನಿಕರು ಬಂದರಂತೆ. ಊರವರೆಲ್ಲ ಬಂದು ಅಮ್ಮನ ಕಲ್ಲಿನ ಮುಂದೆ ಬಿದ್ದರು. ಕಲ್ಲು ಬಿರಿದು ಜೇನು ಎದ್ದಿತು. ಸೈನಿಕರು ಘಟ್ಟ ಇಳಿಯುವ ತನಕ ಬೆನ್ನು ಬಿಡಲಿಲ್ಲ. ಆಮೇಲೆ ಅಮ್ಮ ಊರ ಹಿರಿಯನ ಕನಸಿನಲ್ಲಿ ಬಂದು, "ಇವು ನನ್ನ ಮಕ್ಕಳು. ಇವು ಮರದ ಮೇಲೆ ಇರುವಷ್ಟು ದಿನ ನನಗೆ ಹೊಗೆ ಬೇಡ" ಎಂದಳಂತೆ.

ಹಾಗಾಗಿ ಜೇನು ಇರುವ ತಿಂಗಳುಗಳಲ್ಲಿ ಅಲ್ಲಿ ಧೂಪವಿಲ್ಲ, ಹೋಮವಿಲ್ಲ, ಗರ್ನಾಲು ಪಟಾಕಿ ಇಲ್ಲ. ಹೂವು, ಹಾಲು, ಒಂದು ಎಣ್ಣೆ ದೀಪ, ಅಷ್ಟೇ. ಜೇನು ಎದ್ದು ಹೋದ ಮೇಲೆ, ಮಳೆ ಹಿಡಿಯುವ ಮೊದಲು ಹೋಮ.

"ಮತ್ತೆ ಇವತ್ತು ಹೆಂಗೆ ಹೋಮ?" ಎಂದು ಕೇಳಿದೆ.

"ಅದೇ ಯಂಗೂ ತಿಳೀತಿಲ್ಲೆ ಕೂಸೆ. ಮರದ ಜೇನು ಬಿಡಿಸಿಕ್ಕು" ಎಂದಳು.

ಅವಳ ಊಹೆ ತಪ್ಪಾಗಿತ್ತು, ಜೇನು ಬಿಡಿಸಿರಲಿಲ್ಲ. ಮಳೆಗಾಲದ ಹೊತ್ತಿಗೆ ಹೊರಗಿನ ಜನ ಬರುವುದಿಲ್ಲ, ಗಣ್ಯರಿಗೆ ಪುರುಸೊತ್ತಿಲ್ಲ ಎಂದು ದೇವಸ್ಥಾನ ಸಮಿತಿಯವರೇ ಹೋಮವನ್ನು ಮೊದಲೇ ಇಟ್ಟುಕೊಂಡಿದ್ದರು. ನಾವು ಹೋಗಿ ಕೂತಾಗ ಸಮಿತಿಯ ಅಧ್ಯಕ್ಷರು ಮೈಕಿನಲ್ಲಿ ಸ್ಥಳಪುರಾಣ ಹೇಳುತ್ತಿದ್ದರು. ಸೈನಿಕರು ಬಂದರು, ಕಲ್ಲು ಬಿರಿಯಿತು, ಜೇನು ಎದ್ದಿತು. ಅಲ್ಲಿಗೆ ನಿಲ್ಲಿಸಿ, "ಇದು ಅಮ್ಮನ ಸೇನೆ. ಶತ್ರುಗಳನ್ನು ಬಿಡುವುದಿಲ್ಲ, ಭಕ್ತರನ್ನು ಮುಟ್ಟುವುದಿಲ್ಲ" ಎಂದರು. ಜನ ಚಪ್ಪಾಳೆ ತಟ್ಟಿದರು.

ಅತ್ತಿಗೆ ನನ್ನ ತೋಳು ಚಿವುಟಿದಳು. "ಅರ್ಧ ಕಥೆ ನುಂಗ್‌ಬುಟ ನೋಡು! ಕನಸು ಎಲ್ಲಿ ಹೋತು?"

ಪಕ್ಕದಲ್ಲಿ ಕುಳಿತ ಹೆಂಗಸು ನಕ್ಕು, "ಕನಸು ಊಟದ ಮೇಲೆ ಬತ್ತು, ಸುಮ್ನಿರೆ" ಎಂದಳು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ. ಅಷ್ಟು ಓದಿದ ನನಗೆ ಎದ್ದು, "ನಿಲ್ಲಿಸಿ, ಮೇಲೆ ಹೆಜ್ಜೇನಿದೆ" ಎನ್ನಬೇಕೆಂದು ಹೊಳೆಯಲಿಲ್ಲ.

ಪೂರ್ಣಾಹುತಿಗೆ ತುಪ್ಪದ ಜೊತೆ ಹಸಿ ಕಟ್ಟಿಗೆಯೂ ಬಿತ್ತೇನೋ, ಹೊಗೆ ದಟ್ಟವಾಗಿ ಎದ್ದಿತು. ಗಾಳಿ ಅದನ್ನು ಮರದ ಕಡೆಗೆ ಒಯ್ದಿತು. ಮೊದಲು ಒಂದು ಸದ್ದು ಬಂತು. ದೂರದಲ್ಲಿ ಲಾರಿ ಗುಡ್ಡ ಹತ್ತುವ ಹಾಗೆ. ತಲೆ ಎತ್ತಿದರೆ ಗೂಡಿನ ಕಪ್ಪು ಸಡಿಲಾಗಿ ಕೆಳಗೆ ಸುರಿಯುತ್ತಿತ್ತು.

ಯಾರು ಕೂಗಿದರು, ಯಾರು ಬಿದ್ದರು, ನನಗೆ ಗೊತ್ತಿಲ್ಲ. ಕುರ್ಚಿಗಳು ಉರುಳಿದವು. ಭಟ್ಟರು ಶಲ್ಯ ಮುಸುಕು ಹಾಕಿಕೊಂಡು ಗರ್ಭಗುಡಿಯ ಬಾಗಿಲು ಎಳೆದುಕೊಂಡರು. ಅಧ್ಯಕ್ಷರು ಅವರ ಹಿಂದೆಯೇ ಒಳಗೆ ನುಗ್ಗಿದರು. ನಾನು ಅತ್ತಿಗೆಯ ಕೈ ಹಿಡಿದು ಓಡಿದೆ. ಸೀರೆ ಕುರ್ಚಿಗೆ ಸಿಕ್ಕಿ ಅವಳು ಬಿದ್ದಳು. ಮುಡಿದ ಹೂವಿನ ಮೇಲೆ, ಕಿವಿಯ ಮೇಲೆ, ಕುತ್ತಿಗೆಯ ಮೇಲೆ ಹುಳಗಳು ಮುತ್ತಿಕೊಂಡವು. ನಾನು ಎರಡೂ ಕೈಯಲ್ಲಿ ಹೊಡೆಯುತ್ತಿದ್ದೆ.

"ಅಕ್ಕಾರೆ, ಕೈ ಬೀಸಬ್ಯಾಡ್ರಿ! ಬೀಸಬ್ಯಾಡ್ರಿ!"

ಶಾಮಿಯಾನದ ಸಾಮಾನು ತಂದಿದ್ದ ಪಿಕಪ್ ಗಾಡಿಯ ಚಾಲಕ ಹಾಗೆ ಕೂಗುತ್ತ ಬಂದ. ಯಲ್ಲಾಪುರದ ಸಾಬರವನು. ಅವನು ಆಗಲೇ ಗಾಡಿಯೊಳಗೆ ಗಾಜು ಏರಿಸಿಕೊಂಡು ಸುರಕ್ಷಿತವಾಗಿ ಕುಳಿತಿದ್ದನೆಂದು ಆಮೇಲೆ ತಿಳಿಯಿತು. ನಮಗಾಗಿ ಇಳಿದಿದ್ದ. ನೆಲದ ಜಮಖಾನ ಎಳೆದು ಅತ್ತಿಗೆಯ ಮೇಲೆ ಹಾಕಿ, ಅದರ ಸಮೇತ ಅವಳನ್ನು ಎತ್ತಿಕೊಂಡ. ಅವನ ಮುಖದ ಮೇಲೆ ಹುಳಗಳಿದ್ದವು. ಮೂವರೂ ಮುಂದಿನ ಸೀಟಿನಲ್ಲಿ ತುರುಕಿಕೊಂಡೆವು. ಅವನ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು, ಇನ್ನೊಂದರಲ್ಲೇ ಗಾಡಿ ಓಡಿಸಿದ.

ದಾರಿಯಲ್ಲಿ ಅತ್ತಿಗೆಯ ತುಟಿ ದಪ್ಪವಾಯಿತು. ಉಸಿರು ಎಳೆಯುವಾಗ ಸೀಟಿ ಹೊಡೆದ ಸದ್ದು ಬರತೊಡಗಿತು. ನನ್ನ ಗುರುತೂ ಹತ್ತದಂತೆ ನೋಡುತ್ತಿದ್ದಳು. "ಮಾತಾಡಿಸ್ತಾ ಇರ್ರಿ, ನಿದ್ದಿ ಹೋಗಾಕ ಬಿಡಬ್ಯಾಡ್ರಿ" ಎಂದು ಚಾಲಕ ಹೇಳುತ್ತಲೇ ಇದ್ದ. ಆಸ್ಪತ್ರೆಯಲ್ಲಿ ಡಾಕ್ಟರು ಚುಚ್ಚುಮದ್ದು ಕೊಟ್ಟು, ಉಸಿರು ಹದಕ್ಕೆ ಬಂದ ಮೇಲೆ, "ಇನ್ನೂ ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಇರುತ್ತಿರಲಿಲ್ಲ" ಎಂದರು. ಅಂದು ಕಚ್ಚಿಸಿಕೊಂಡವರು ಇನ್ನೂ ಹಲವರು ಅದೇ ವರಾಂಡದಲ್ಲಿ ಕುಳಿತಿದ್ದರು. ಈ ಮಾತನ್ನು ದಯವಿಟ್ಟು ನೆನಪಿಡಿ.

ಅತ್ತಿಗೆ ಮನೆಗೆ ಬಂದ ಮೇಲೆ ಒಂದು ದಿನ ಅಧ್ಯಕ್ಷರು ಪ್ರಸಾದ ಹಿಡಿದು ಬಂದರು. ಅತ್ತಿಗೆಗಿಂತ ಕಿರಿಯರು, ಚಿಕ್ಕಂದಿನಿಂದ ಗೊತ್ತಿದ್ದವರು. ಕ್ಷೇಮ ಸಮಾಚಾರ ಕೇಳಿದರು, ಚಹಾ ಕುಡಿದರು. ಆಮೇಲೆ ನೆಲ ನೋಡುತ್ತ ಶುರುಮಾಡಿದರು.

"ಜೋಯಿಸರ ಹತ್ರ ಪ್ರಶ್ನೆ ಇಡಿಸಿದ್ಯ ಅಕ್ಕಾ. ಮೈಲಿಗೆ ಕಂಡ್ತು. ಯಾರೋ ಹೆಂಗಸು, ಬರಲಾಗದ ದಿನದಲ್ಲಿ ಬಂದಿದ್ದಕ್ಕೆ ಅಮ್ಮ ಸಿಟ್ಟಾದ್ದು ಹೇಳಿ. ಎಲ್ಲರಿಗಿಂತ ಜಾಸ್ತಿ ನಿಂಗೇ ಆತಲೇ... ಒಂದು ತಪ್ಪು ಕಾಣಿಕೆ ಹಾಕಿಬಿಟ್ರೆ..."

ನನ್ನ ಕೈಯಲ್ಲಿದ್ದ ಲೋಟವನ್ನು ನೆಲಕ್ಕೆ ಕುಕ್ಕಿದೆ. ಅತ್ತಿಗೆ ಮಾತ್ರ ದಿಂಬಿಗೆ ಒರಗಿದವಳು ನಿಧಾನ ಎದ್ದು ಕುಳಿತಳು. ಮುಖದ ಬಾವು ಇನ್ನೂ ಪೂರ್ತಿ ಇಳಿದಿರಲಿಲ್ಲ.

"ಅಲ್ದಾ ತಮಾ, ಯಂಗೆ ಅದು ನಿಂತು ಯಾವ ಕಾಲ ಆತು! ನಿನ್ನ ಪ್ರಶ್ನೆಯವಂಗೆ ಅದು ಕಂಡಿದ್ದಿಲ್ಯ? ಹೊಗೆ ಕಂಡಿದ್ದಿಲ್ಯ?"

ಅಧ್ಯಕ್ಷರ ಕಿವಿ ಕೆಂಪಾಯಿತು. "ಹಂಗಲ್ಲ ಅಕ್ಕಾ, ಜನ ಹೇಳ್ತ..." ಎಂದು ಚಪ್ಪಲಿ ಹುಡುಕಿದರು. ಅಲ್ಲಿಗೆ ಮುಗಿಯಿತೆಂದು ನಾನು ನಂಬಿದೆ.

ಮುಗಿದಿರಲಿಲ್ಲ. ಈಚೆಗೆ ಶಿರಸಿಯ ಬಸ್ ನಿಲ್ದಾಣದಲ್ಲಿ ಪಕ್ಕ ಕುಳಿತ ಅಪರಿಚಿತ ಹೆಂಗಸೊಬ್ಬಳು ತನ್ನ ಸೊಸೆಗೆ ಆ ದೇವಿಯ ಮಹಿಮೆ ಹೇಳುತ್ತಿದ್ದಳು. ಸೈನಿಕರ ಕಥೆ ಸಣ್ಣದಾಗಿತ್ತು. ದೊಡ್ಡ ಕಥೆ ನಮ್ಮದು. ಮುಟ್ಟಾದ ಹೆಂಗಸೊಬ್ಬಳು ಹೋಮಕ್ಕೆ ಬಂದಳಂತೆ. ಸಾವಿರ ಜನರ ನಡುವೆ ಜೇನು ಅವಳೊಬ್ಬಳನ್ನೇ ಹುಡುಕಿ ಕಚ್ಚಿತಂತೆ. ಬೇರೆ ಯಾರಿಗೂ ಒಂದು ಹುಳವೂ ತಾಗಲಿಲ್ಲವಂತೆ. ಅವಳು ಅಲ್ಲೇ ಸತ್ತಳಂತೆ.

"ಆ ಹೆಂಗಸು ನನ್ನ ಅತ್ತಿಗೆ. ಮನೆಯಲ್ಲಿ ದೋಸೆಗೆ ಅಕ್ಕಿ ನೆನೆಹಾಕ್ತಾ ಇದ್ದಾಳೆ" ಎಂದೆ. ನನ್ನ ದನಿ ಎಷ್ಟು ಏರಿತ್ತೋ, ಅಕ್ಕಪಕ್ಕದವರು ತಿರುಗಿದರು. ಹೊಗೆಯ ಕಥೆ ಹೇಳಿದೆ, ಜಮಖಾನದ ಕಥೆ ಹೇಳಿದೆ. ಆಕೆ ಗಾಬರಿಯಿಂದ ಕೇಳಿಸಿಕೊಂಡಳು. ಕೊನೆಗೆ, "ಆದ್ರೂ ಬೆಂಕಿ ಇಲ್ದೆ ಹೊಗೆ ಆಡ್ತದಾ?" ಎಂದಳು! ಬೆಂಕಿ ಹಾಕಿದವರು ಯಾರು ಎಂದೇ ನಾನು ಹೇಳುತ್ತಿದ್ದೆನಲ್ಲ!

ಮಿಕ್ಸರ್ ತಿರುಗಿದರೆ ಜೇನು ಎದ್ದಂತೆ ಕೇಳಿ ನಾನು ಈಗಲೂ ತಲೆ ಎತ್ತಿ ನೋಡುತ್ತೇನೆ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಬೇರೆ. ಹಳೇ ಕಥೆಯಲ್ಲಿ ಅಮ್ಮ ಹೇಳಿದ್ದು ಒಂದೇ ಮಾತು. ಅದನ್ನೇ ಅಳಿಸಿ, ತಾವು ಮಾಡಿದ ತಪ್ಪನ್ನು ಸಾಯುತ್ತಿದ್ದ ಹೆಂಗಸಿನ ತಲೆಗೆ ಕಟ್ಟಿದರು. ಅದಕ್ಕೂ ದೇವಿಯ ಹೆಸರು. ನೂರು ವರ್ಷದ ನಂತರ ಇದೇ ಸ್ಥಳಪುರಾಣವಾದರೆ ಸುಳ್ಳೆಂದು ಹೇಳಲು ಯಾರಿರುತ್ತಾರೆ?

ಮೊನ್ನೆ ಅತ್ತಿಗೆಯ ತಮ್ಮ ಫೋನ್ ಮಾಡಿದ್ದ. ಅವನ ಮಗಳ ಮದುವೆ, ಅದೇ ದೇವಸ್ಥಾನದಲ್ಲಿ. "ನೀನು ಸೀದಾ ಊಟಕ್ಕೆ ಮನೆಗೆ ಬಾ ಅಕ್ಕಾ. ಮಾತಾಡೋ ಜನ ಇರ್ತ" ಎಂದನಂತೆ. ಅತ್ತಿಗೆ ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಆ ದಿನ ಆಸ್ಪತ್ರೆಯಲ್ಲೂ ಅಳದವಳು ಅಲ್ಲಿ ನಿಂತು ಅತ್ತಳು.

ಮದುವೆ ಮುಂದಿನ ತಿಂಗಳು. ಧಾರೆಯ ಹೊತ್ತಿಗೆ ಅವಳನ್ನು ನಾನೇ ಕರೆದುಕೊಂಡು ಹೋಗುತ್ತೇನೆ. ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ಕಥೆ ಹೇಳುವವರು ಬಂದು ಅವಳ ಮುಖ ನೋಡಿಕೊಂಡು ಹೇಳಲಿ.